ಕಳಶವೂ ಸಹಿಯ ಕಾಗದವೂ

ನಮ್ಮ ಹಳೆಯ ಕವಿಗಳಿಗೆ ಹೆಣ್ಣಿನ ಮೊಲೆಯನ್ನು ವರ್ಣಿಸುವಾಗ ಮಾತಿನ ಬರ ಬಂದದ್ದಿಲ್ಲ. ಹೊನ್ನ ಕಳಶ, ಆನೆಯ ಕುಂಭಸ್ಥಳ, ಜಕ್ಕವಕ್ಕಿಯ ಜೋಡಿ: ಈ ಉಪಮೆಗಳನ್ನೆಲ್ಲ ತರಗತಿಯಲ್ಲಿ ನಾನೇ ಪಾಠ ಹೇಳಿದ್ದೇನೆ, ಯಾರೂ ನಾಚಿದ್ದಿಲ್ಲ. ಆದರೆ ಎರಡು ಮಕ್ಕಳನ್ನು ಹೆತ್ತು ಜೋತುಬಿದ್ದ ಮೊಲೆಯ ಮಾತು ಬಂದೊಡನೆ ಇದೇ ಕನ್ನಡ ಸೆರಗು ಹೊದ್ದು ಮೂಲೆ ಸೇರುತ್ತದೆ. ದೇವರ ದಾಸಿಮಯ್ಯನಿಗೆ ಇಲ್ಲದ ಸಂಕೋಚ ಎಂ.ಎ. ಮಾಡಿದ ನಮಗೆಲ್ಲಿಂದ ಬಂತು?

ಗುಬ್ಬಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಮೊಲೆಯನ್ನು ಎತ್ತಿಸುವ ಶಸ್ತ್ರಚಿಕಿತ್ಸೆಯ ವಿಚಾರವಾಗಿ ತುಮಕೂರಿನಲ್ಲಿ ಡಾಕ್ಟರೊಬ್ಬರನ್ನು ಕಾಣಬೇಕೆಂದಿದ್ದಳು. ಮೊದಲು ನಾಲ್ಕು ಸಂಗತಿ ತಿಳಿಯೋಣವೆಂದು ಇಬ್ಬರೂ ಕುಳಿತೆವು. ಕನ್ನಡದಲ್ಲಿ ನಮಗೆ ಸಿಕ್ಕಿದ್ದು ಎರಡೇ ಬಗೆ: ಜಾಹೀರಾತು, ಇಲ್ಲವೆ ಉಪದೇಶ. "ಅಕ್ಕಾ, ಡಾಕ್ಟರ ಹತ್ರ ಇದನ್ನ ಏನಂತ ಹೇಳ್ಲಿ?" ಎಂದಳು. ಅಚ್ಚಗನ್ನಡದ ಮಾತೇ ಇದೆಯಲ್ಲ, ಹಾಗೆಯೇ ಹೇಳು ಎಂದೆ. ("ಸ್ತನೋನ್ನಯನ" ಎಂದು ಟಂಕಿಸಲು ಪಂಡಿತರು ಸಿದ್ಧರಿದ್ದಾರು, ಅದು ಅವಳಿಗೆ ಇಂಗ್ಲಿಷಿಗಿಂತಲೂ ದೂರ.)

"ಮಕ್ಕಳಾದ ಮೇಲೆ ಇದೆಲ್ಲ ಏಕೆ?" ಎನ್ನುವ ಮಹನೀಯರು ತಮ್ಮ ತಲೆಗೆ ಬಣ್ಣ ಹಚ್ಚುತ್ತಾರೆ, ಬೋಳುತಲೆಗೆ ಕೂದಲು ನೆಡಿಸುತ್ತಾರೆ. ಅವರಿಗೆ ಇಷ್ಟು ಉತ್ತರ ಸಾಕು. ಕುಣಿಗಲ್ಲಿನ ನಮ್ಮ ನೆಂಟರಲ್ಲಿ ಹಿರಿಯರು "ಹಾಲೂಡಿಸಿದ್ದಕ್ಕೇ ಹೀಗಾಯ್ತು" ಎನ್ನುವುದುಂಟು. ಇದು ಹೆಚ್ಚು ಅಪಾಯದ ಮಾತು, ಕೇಳಿದ ಎಳೆಯ ತಾಯಿ ಮಗುವಿಗೆ ಬೇಗನೆ ಹಾಲು ಬಿಡಿಸಿಯಾಳು. ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲೂಡಿಕೆಯ ಮೇಲೆ ಈ ತಪ್ಪು ಬೀಳಲಿಲ್ಲ. ವಯಸ್ಸು, ಬಸಿರುಗಳ ಸಂಖ್ಯೆ, ಮೈತೂಕ, ಧೂಮಪಾನಗಳ ಮೇಲೆ ಬಿತ್ತು.

ಇನ್ನು ಜಾಹೀರಾತು ನುಂಗಿಕೊಳ್ಳುವ ವಿವರಗಳು. ಹೆಚ್ಚಾದ ಚರ್ಮವನ್ನು ಕತ್ತರಿಸಿ ತೆಗೆದು, ಉಳಿದದ್ದಕ್ಕೆ ಆಕಾರ ಕೊಟ್ಟು, ತೊಟ್ಟನ್ನು ಮೇಲಕ್ಕೆ ಕೂರಿಸುತ್ತಾರೆ, ಗಾತ್ರವೇನೂ ಹೆಚ್ಚುವುದಿಲ್ಲ. ಕೊಯ್ದ ಗೆರೆ ತೊಟ್ಟಿನ ಸುತ್ತ ಮಾತ್ರವೋ, ಅಲ್ಲಿಂದ ಕೆಳಕ್ಕೆ ಇಳಿಯುವುದೋ, ಮೊಲೆಯ ಅಡಿಯಲ್ಲಿ ಅಡ್ಡಲಾಗಿಯೂ ಹಾಯುವುದೋ ಎಂಬುದು ಎಷ್ಟು ಜೋತಿದೆ ಎಂಬುದರ ಮೇಲೆ ನಿಂತಿದೆ. ಕಲೆ ಮಾಸೀತು, ಅಳಿಯದು. ತೊಟ್ಟಿನ ಸ್ಪರ್ಶ ಕುಂದಬಹುದು, ಮುಂದೆ ಹಾಲೂಡಿಸಲು ತೊಡಕಾಗಬಹುದು, ಮತ್ತೆ ಬಸಿರಾದರೆ ಮಾಡಿಸಿದ್ದು ಕೆಡಬಹುದು. ಕೊಯ್ಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪಡೆದವರೇ, ಅರಿವಳಿಕೆ ಕೊಡುವವರು ಯಾರು, ತುರ್ತಿಗೆ ತೀವ್ರನಿಗಾ ಘಟಕ ಉಂಟೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡದ್ದನ್ನು ವಾಚಕರು ಮರೆತಿರಲಾರರು.

ಇಷ್ಟನ್ನೂ ನನ್ನ ತಂಗಿ ಇಂಗ್ಲಿಷು ಓದಬಲ್ಲ ಅಕ್ಕನಿಂದ ತಿಳಿದಳು. ಅಂಥ ಅಕ್ಕ ಇಲ್ಲದವಳ ಗತಿ? ಚಿಕಿತ್ಸೆಯ ಸ್ವರೂಪ, ಬದಲಿ ಮಾರ್ಗ, ಅಪಾಯ ಇವುಗಳನ್ನು ತಿಳಿಸಿಯೇ ರೋಗಿಯ ಒಪ್ಪಿಗೆ ಪಡೆಯಬೇಕೆಂದು ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಡಾಕ್ಟರನ್ನು ಕಂಡ ದಿನ ಇವಳ ಕೈಗೆ ಬಂದ ಒಪ್ಪಿಗೆ ಪತ್ರ ನಾಲ್ಕು ಪುಟ, ನಾಲ್ಕೂ ಇಂಗ್ಲಿಷು. ಸಹಿಯ ಜಾಗಕ್ಕೆ ಮಾತ್ರ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು.

2024ರಲ್ಲಿ ಕಾಯಿದೆಯನ್ನು ತಿದ್ದಿ, ನಾಮಫಲಕದಲ್ಲಿ ನೂರಕ್ಕೆ 60 ಪಾಲು ಕನ್ನಡವನ್ನು ಕಡ್ಡಾಯ ಮಾಡಿಸಿಕೊಂಡೆವು. ಫಲಕ ದಾಟಿ ಒಳಗೆ ಹೋದ ಹೆಣ್ಣು ತನ್ನ ಮೈಗೆ ಕತ್ತಿ ಇಡಲು ಸಹಿ ಹಾಕುವ ಕಾಗದದಲ್ಲಿ ಕನ್ನಡ ಎಷ್ಟು ಪಾಲು? ತುಮಕೂರಿನ ಕನ್ನಡ ಅಧ್ಯಾಪಕರು ನಾಲ್ವರು, ಡಾಕ್ಟರೊಬ್ಬರು ಕೂಡಿ ಕುಳಿತರೆ ಆ ಪುಟಗಳು ಎರಡು ಭಾನುವಾರಗಳಲ್ಲಿ ಕನ್ನಡವಾದಾವು. ರಾಜ್ಯೋತ್ಸವದ ಭಾಷಣಕ್ಕೆ ನನ್ನನ್ನು ಕರೆಯುವ ಸಂಘಗಳಿಂದ ಈ ವರ್ಷ ಶಾಲು ಹಾರಕ್ಕೆ ಬದಲು ಇದನ್ನೇ ಕೇಳಲಿದ್ದೇನೆ.