ಹಾಡದ ಯಂತ್ರವೂ ಮಾತಾಡುತ್ತದೆ

ಗದ್ದೆಗೆ ನೀರು ಬರಲಿಲ್ಲವೆಂದರೆ ರೈತನು ಮನೆಯಲ್ಲಿ ಕುಳಿತು ಹಣೆಬರಹವನ್ನು ಹಳಿಯುವುದಿಲ್ಲ. ಗುದ್ದಲಿ ಹೆಗಲಿಗೇರಿಸಿ, ಕಾಲುವೆಯ ಗುಂಟ ತೂಬಿನವರೆಗೂ ನಡೆದು, ನೀರು ನಿಂತ ಜಾಗವನ್ನು ಕಂಡುಕೊಳ್ಳುವನು. ಅದೇ ರೈತನ ಮಗನು ಕಾಲೇಜು ಸೇರಿ ಕಂಪ್ಯೂಟರಿನ ಮುಂದೆ ಕುಳಿತಾಗ, ಹಾಡು ನುಡಿಸುವ ತಂತ್ರಾಂಶವೊಂದು ತೆರೆಯದಿದ್ದರೆ, ಅದರ ಚಿತ್ರವನ್ನು ಹತ್ತು ಸಲ ಒತ್ತಿ, 'ಇದು ಕೆಟ್ಟಿತು' ಎಂದು ಎದ್ದುಬಿಡುವನು. ತಂದೆಗಿದ್ದ ವಿಚಾರಬುದ್ಧಿ ಪದವಿಯೊಡನೆ ಹೆಚ್ಚಬೇಕಲ್ಲದೆ ಕಡಮೆಯಾಗಬೇಕೆ?

ನಮ್ಮ ಮನೆತನದಲ್ಲಿ ಪದವಿ ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲಿಗ. ಯಂತ್ರವೆಂದರೆ ಬಲ್ಲವರ ಸೊತ್ತು, ಮುಟ್ಟಿದರೆ ಕೆಟ್ಟೀತು ಎಂಬ ಅಂಜಿಕೆ ನಮ್ಮಂಥವರಿಗೆ ಸಹಜ. ಆದರೆ ಈ ಅಂಜಿಕೆಗೆ ಬೆಲೆ ತೆರಬೇಕಾಗುತ್ತದೆ. ಗೋವಿಂದನಹಳ್ಳಿಯ ಒಂದು ಮನೆಯಲ್ಲಿ ಅಜ್ಜಿಯ ಸೋಬಾನೆ ಪದಗಳನ್ನು ಫೋನಿನಲ್ಲಿ ಹಿಡಿದು, ಲಿನಕ್ಸ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದರು. ಒಂದು ದಿನ, ಹೊಸ ಆವೃತ್ತಿಗಳನ್ನು ಇಳಿಸಿಕೊಂಡ ಮೇಲೆ, ಹಾಡಿನ ತಂತ್ರಾಂಶ ತೆರೆಯಲೇ ಇಲ್ಲ. ರಿಪೇರಿಯವರೊಬ್ಬರು, 'ಎಲ್ಲವನ್ನೂ ಅಳಿಸಿ ಮತ್ತೆ ಹಾಕಬೇಕು' ಎಂದರು. ಮನೆಯವರು ಒಪ್ಪಿಯೂ ಇದ್ದರು. ಒಪ್ಪಿದಂತೆ ನಡೆದಿದ್ದರೆ ಅಜ್ಜಿಯ ಪದಗಳ ಗತಿಯೇನು?

ನಾವು ಗೆಳೆಯರು ಆ ತಂತ್ರಾಂಶವನ್ನು ಚಿತ್ರದಿಂದ ತೆರೆಯದೆ, ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅದರ ಹೆಸರನ್ನು ಬರೆದು ಕರೆದೆವು. ಚಿತ್ರವನ್ನು ಒತ್ತಿದಾಗ ಮೌನವಾಗಿದ್ದ ಯಂತ್ರವು ಇಲ್ಲಿ ಬಾಯಿಬಿಟ್ಟಿತು. ಇಂಥ ಹೆಸರಿನ ಹಂಚಿಕೆಯ ಲೈಬ್ರರಿ ಕಾಣುತ್ತಿಲ್ಲ ಎಂಬ ಒಂದೇ ಸಾಲು ಇಂಗ್ಲಿಷಿನಲ್ಲಿ ಮೂಡಿತು. ಆ ಲೈಬ್ರರಿಯ ಕಟ್ಟನ್ನು ಮತ್ತೆ ಸ್ಥಾಪಿಸಿದೊಡನೆ ಹಾಡು ಕೇಳಿಸಿತು.

ಹಂಚಿಕೆಯ ಲೈಬ್ರರಿ ಎಂದರೇನು? ನಮ್ಮೂರ ಪಂಚಲಿಂಗೇಶ್ವರ ದೇವಾಲಯವನ್ನು ನೋಡಿದವರಿಗೆ ಹೇಳುವುದು ಸುಲಭ. 13ನೆಯ ಶತಮಾನದ ಈ ಹೊಯ್ಸಳ ಗುಡಿಯಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತು ಒಂದೇ ಹಜಾರಕ್ಕೆ ಕೂಡಿಕೊಂಡಿವೆ. ಲಿನಕ್ಸಿನ ತಂತ್ರಾಂಶಗಳೂ ಹಾಗೆಯೇ. ಪ್ರತಿಯೊಂದೂ ತನಗೆ ಬೇಕಾದುದೆಲ್ಲವನ್ನೂ ಹೊತ್ತು ತಿರುಗದೆ, ಹಲವಕ್ಕೆ ಸಾಮಾನ್ಯವಾದ ಕಡತಗಳನ್ನು ಆಶ್ರಯಿಸುತ್ತವೆ. ಹಜಾರದ ಕಂಬವೊಂದು ಸರಿದರೆ ಬಾಗಿಲು ತೆರೆಯದು. ಆದರೆ ಗರ್ಭಗುಡಿಯೊಳಗಿನ ಲಿಂಗಕ್ಕೆ ಏನೂ ಆಗಿರುವುದಿಲ್ಲ. ನುಡಿಸುವ ತಂತ್ರಾಂಶ ಬೇರೆ, ಹಾಡಿನ ಕಡತ ಬೇರೆ. ಒಂದು ತೆರೆಯದಿದ್ದರೆ ಮತ್ತೊಂದು ತಂತ್ರಾಂಶದಲ್ಲಿ ಅದೇ ಹಾಡನ್ನು ಕೇಳಬಹುದು. ಅಳಿಸುವ ಮೊದಲು ಇಷ್ಟನ್ನಾದರೂ ನೋಡಬೇಡವೆ?

ಬೇರೆ ಕಾರಣಗಳೂ ಉಂಟು. ಹಿಂದೆ ತೆರೆದ ಪ್ರತಿಯೊಂದು ಕಣ್ಣಿಗೆ ಬೀಳದೆ ಇನ್ನೂ ಓಡುತ್ತಿದ್ದರೆ ಹೊಸದು ತೆರೆಯದಿರಬಹುದು. ಹಳೆಯದನ್ನು ನಿಲ್ಲಿಸಿ ಮತ್ತೆ ಕರೆಯಬೇಕು. ತಂತ್ರಾಂಶವು ತನ್ನ ಏರ್ಪಾಡುಗಳನ್ನು ಬರೆದಿಟ್ಟುಕೊಳ್ಳುವ ಕಡತ ಕೆಟ್ಟಿರಬಹುದು. ಅದು ಸಾಮಾನ್ಯವಾಗಿ ನಮ್ಮ ಮನೆಕೋಶದೊಳಗೆ, ಚುಕ್ಕಿಯಿಂದ ಮೊದಲಾಗುವ 'ಕಾನ್ಫಿಗ್' ಎಂಬ ಅಡಗಿದ ಕೋಶದಲ್ಲಿರುತ್ತದೆ. ಅದನ್ನು ಅಳಿಸದೆ ಹೆಸರು ಬದಲಿಸಿ ನೋಡಿದರೆ, ದೋಷ ಅಲ್ಲಿದ್ದುದೇ ಆದಲ್ಲಿ ತಂತ್ರಾಂಶ ಹೊಸದರಂತೆ ತೆರೆಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಹಿಂದಕ್ಕೆ ತರಬಲ್ಲಂಥದು: ಇದೇ ಇಲ್ಲಿಯ ಮುಖ್ಯ ನೀತಿ.

'ಇದೆಲ್ಲ ವಿಜ್ಞಾನದವರ ಕೆಲಸ, ಬಿ.ಎ. ಓದುವವರಿಗೇಕೆ?' ಎಂದು ಕೆಲವರು ಕೇಳಬಹುದು. ಇತಿಹಾಸದ ವಿದ್ಯಾರ್ಥಿಯು ಸವೆದ ಶಾಸನದ ಮುಂದೆ ಕುಳಿತು, ಅಳಿದ ಅಕ್ಷರವನ್ನು ಉಳಿದ ಅಕ್ಷರಗಳಿಂದ ಊಹಿಸುವನು. ಅಂಥವನು ತೆರೆಯ ಮೇಲೆ ಸ್ಪಷ್ಟವಾಗಿ ಮೂಡಿದ ಒಂದು ಸಾಲಿಗೆ ಹೆದರುವುದು ನ್ಯಾಯವೆ? ಓದುವುದೂ ಅರ್ಥಮಾಡುವುದೂ ನಮ್ಮದೇ ವಿದ್ಯೆ. ಲಿನಕ್ಸನ್ನು 1991ರಲ್ಲಿ ಆರಂಭಿಸಿದ ಲೀನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ. ಬಹುಮಟ್ಟಿಗೆ ನಮ್ಮ ವಯಸ್ಸಿನವನೇ. ಯಾರು ಬೇಕಾದರೂ ಒಳಗೆ ಇಣುಕಿ ನೋಡಿ ತಿದ್ದಬಹುದೆಂಬ ಕಟ್ಟಳೆಯ ಮೇಲೆ ಆ ಕೆಲಸ ಬೆಳೆಯಿತು. ಬಾಗಿಲು ತೆರೆದಿರುವಾಗ ಹೊರಗೆ ನಿಲ್ಲುವುದು ವಿನಯವಲ್ಲ.

ಇಂಗ್ಲಿಷು ಅಡ್ಡಿಯೆಂಬ ಮಾತು ಮಾತ್ರ ನಿಜ. ಗ್ನೋಮ್‌ನಂಥ ಏರ್ಪಾಡುಗಳ ಪರದೆ ಕನ್ನಡದಲ್ಲಿ ದೊರೆತರೂ, ದೋಷದ ಸಂದೇಶಗಳು ಬಹುಪಾಲು ಇಂಗ್ಲಿಷಿನಲ್ಲಿಯೇ ಬರುತ್ತವೆ. ಆದುದರಿಂದ ನನ್ನದೊಂದು ಸೂಚನೆ. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ದಪ್ಪ ನೋಟುಪುಸ್ತಕವಿರಲಿ. ಯಾರಿಗೆ ಯಾವ ಸಂದೇಶ ಬಂದಿತೋ ಅದನ್ನೂ, ಕನ್ನಡದಲ್ಲಿ ಅದರ ಅರ್ಥವನ್ನೂ, ಕೈಗೊಂಡ ಕ್ರಮವನ್ನೂ ಅವರು ಅದರಲ್ಲಿ ಬರೆಯಲಿ. ವಾರಕ್ಕೊಂದು ಗಂಟೆ ಅಧ್ಯಾಪಕರು ಅದನ್ನು ನಮ್ಮೊಡನೆ ಓದಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ; ಒಂದು ಪುಸ್ತಕ, ಒಂದು ಲೇಖನಿ ಸಾಕು.

ಪದಗಳನ್ನು ಬಲ್ಲ ಅಜ್ಜಿಯರು ಊರೂರಲ್ಲೂ ಕಡಮೆಯಾಗುತ್ತಿದ್ದಾರೆ. ಅವರ ದನಿ ಉಳಿದಿರುವುದು ಈ ಯಂತ್ರಗಳಲ್ಲಿ. ಯಂತ್ರ ಮುಷ್ಕರ ಹೂಡಿದಾಗ ಅದು ಹೇಳುವ ಮಾತನ್ನು ಓದಬಲ್ಲವರು ಮನೆಗೊಬ್ಬರಾದರೂ ಬೇಕು. ಆ ಒಬ್ಬರು, ಓದಲು ಹೊರಟ ನಾವಲ್ಲದೆ ಮತ್ತಾರು?