ಚಕ್ರದ ಮೇಲಿನ ಮನೆಗೆ ಮಗಳು ಬಂದಳು

ಮಕ್ಕಳೇ, ಒಲೆ, ಹಾಸಿಗೆ ಎರಡೂ ಇರುವ ವ್ಯಾನಿನಲ್ಲಿ ಅಜ್ಜ, ನಾನು ಊರೂರು ತಿರುಗುತ್ತಿದ್ದೇವಲ್ಲ, ಈ ವಾರ ಅದಕ್ಕೂ ನೆಂಟರು! ಕಲಬುರಗಿಯಲ್ಲಿ ನೌಕರಿ ಮಾಡುವ ಮಗಳು ಎರಡು ದಿನ ರಜೆ ಹಾಕಿ ಬಂದಳು. ಬಸವಕಲ್ಯಾಣಕ್ಕೆ ರೈಲಿಲ್ಲ. ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ಪೂರ್ಣವಾಗಿದೆಯಲ್ಲ, ಹುಮನಾಬಾದ್ ಸ್ಟೇಷನ್ನಿಗೇ ಗಾಡಿ ಒಯ್ದು ಕರೆತಂದೆವು.

ಒಬ್ಬರು ಹೆಚ್ಚಾದರೆ ಮೊದಲು ಮುಗಿಯುವುದು ನೀರು. ಜಲಸಂಗ್ವಿಯ ಗುಡಿಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೋಡಿ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಟ್ಯಾಂಕ್ ಖಾಲಿ. ಕೊಡ ಹಿಡಿದು ಹೊರಟವಳನ್ನು ತಡೆದೆ. “ಅವ್ವಾ, ನಾ ಏನ್ ಹೊರಗಿನಾಕೀನಾ?” ಎಂದಳು.

ಅವಳು ಬಂದದ್ದು ನಮ್ಮನ್ನು ನೋಡಲಷ್ಟೇ ಅಲ್ಲ. 70 ದಾಟಿದ ಅಪ್ಪ ಇನ್ನೂ ಗಾಡಿ ಓಡಿಸಬಹುದೇ ಎಂದು ನೋಡಲು. ಹೆದ್ದಾರಿಯಲ್ಲಿ ಬಸವಕಲ್ಯಾಣದ ಕಡೆ ಹೊರಟಾಗ ಅವಳ ಕಣ್ಣು ಹೊಲಗಳ ಮೇಲಿರಲಿಲ್ಲ, ಅಪ್ಪನ ಕೈಮೇಲಿತ್ತು. ನಾನು ಬಾಯಿ ಬಿಡಲಿಲ್ಲ. ಇಂಥದ್ದನ್ನು ಅವರಿಬ್ಬರೇ ಮಾತಾಡಬೇಕು. 108 ಅಡಿಯ ಬಸವಣ್ಣನ ಮೂರ್ತಿ ನೋಡಿ, ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕೂತಾಗ ಮಾತು ಆಯಿತು. ಕತ್ತಲಾದ ಮೇಲೆ ಓಡಿಸುವುದಿಲ್ಲವೆಂದು ಅಜ್ಜ ಒಪ್ಪಿದರು.

ವಾಪಸ್ ಹುಮನಾಬಾದಿಗೆ ಓಡಿಸಿದ್ದು ಮಗಳು. ಅವಳು ಗೇರ್ ಬದಲಿಸಿದಾಗಲೆಲ್ಲ ಪಕ್ಕದಲ್ಲಿ ಕೂತ ಅಜ್ಜನ ಎಡಗಾಲು ಖಾಲಿ ನೆಲವನ್ನು ಒತ್ತುತ್ತಿತ್ತು!