ಬೇಲಿ ಜಾಲರಿ ಬೇಲಿಗೇ ಇರಲಿ

ಹಿತ್ತಲಲ್ಲಿ ಕೆಂಡ ಮಾಡಿ ಕೋಳಿ, ಜೋಳದ ತೆನೆ ಸುಡೋದು ಖುಷಿಯ ಕೆಲಸ. ಆದರೆ ಬೇಲಿಗೆ ತಂದು ಉಳಿದ ಜಿಐ ಜಾಲರಿಯನ್ನೇ ಕೆಂಡದ ಮೇಲೆ ಇಡಬೇಡಿ. ಅದರ ಹೊಳಪು ಸತುವಿನ ಲೇಪ. ಸತು ಸುಮಾರು 420 ಡಿಗ್ರಿಗೆ ಕರಗುತ್ತೆ, ಊದಿದ ಕೆಂಡ ಅದಕ್ಕಿಂತ ಬಿಸಿ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತೆ, ವೆಲ್ಡಿಂಗ್‌ನವರನ್ನೇ ಕೇಳಿ. ನಿಂಬೆಹುಳಿ, ಮೊಸರು ಹಚ್ಚಿದ ಮಾಂಸಕ್ಕೂ ಅದು ಬಿಡುತ್ತೆ. ಔಷಧಿ ಡಬ್ಬ ಕತ್ತರಿಸಿ ಒಲೆ ಮಾಡೋದಂತೂ ಬೇಡವೇ ಬೇಡ, ಎಷ್ಟು ತೊಳೆದರೂ ಅಷ್ಟೇ.

ಹಾಗಂತ ಆನ್‌ಲೈನ್‌ನಲ್ಲಿ ಇಪ್ಪತ್ತು ಸಾಮಾನಿನ ಸೆಟ್ ತರಿಸಬೇಕಾಗಿಲ್ಲ. ನನ್ನ ಪ್ರಕಾರ ಮೂರು ಸಾಕು.

ಒಂದು, ಲೇಪ, ಬಣ್ಣ ಇಲ್ಲದ ಕಬ್ಬಿಣದ ಸರಳಿನ ಜಾಲರಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿ. ಕೆಂಡದಿಂದ ಅರ್ಧ ಗೇಣು ಮೇಲಿರಲಿ.

ಎರಡು, ಒಂದೂವರೆ ಅಡಿ ಉದ್ದದ ಇಕ್ಕಳ, ಒಂದು ಜೊತೆ. ಹಸಿ ಮಾಂಸಕ್ಕೆ ಒಂದು, ಬೆಂದದ್ದಕ್ಕೆ ಇನ್ನೊಂದು.

ಮೂರು, ಅಜ್ಜಿ ಕಾಲದ ಊದುಕೊಳವೆ.

ಜಾಲರಿ ಉಜ್ಜೋಕೆ ತಂತಿ ಬ್ರಷ್ ಬೇಡ. ಅದರ ಎಳೆ ಮುರಿದು ಊಟದಲ್ಲಿ ಸೇರಿ ಗಂಟಲಿಗೆ ಚುಚ್ಚುತ್ತೆ. ನಮ್ಮ ತೆಂಗಿನ ನಾರು ಇದೆಯಲ್ಲ!

ಉಳಿದ ಬೇಲಿ ಜಾಲರಿಗೆ ಹಾಗಲ ಬಳ್ಳಿ ಹಬ್ಬಿಸಿ.